ಓದಾಟದ ತೋಟಕ್ಕೆ ಹಡಗು ಬಂದದ್ದು

ನಮ್ಮೂರಿನಲ್ಲಿ ಹಕಾರ ಇಲ್ಲ. ಬರೆಯುವುದಕ್ಕೆ ಇದೆ, ನೋಡಿ, ಈಗಷ್ಟೇ ಬರೆದೆ, ಕೈಗೇನೂ ಕಷ್ಟವಾಗಲಿಲ್ಲ. ಬಾಯಿಗೆ ಬರುವ ಹೊತ್ತಿಗೆ ಮಾತ್ರ ಅದು ದಾರಿಯಲ್ಲೆಲ್ಲೋ ಇಳಿದುಕೊಂಡುಬಿಡುತ್ತದೆ. ಹಾಲು ನಮಗೆ ಆಲು, ಹಲ್ಲು ಅಲ್ಲು, ಹೋಗು ಎಂದರೆ ಓಗು. ನಾನು ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಅಷ್ಟೂ ವರ್ಷ ‘ಓಲ್ಡಾನ್’ ಎಂದು ಕೂಗಿಯೇ ಬಸ್ಸು ನಿಲ್ಲಿಸಿದೆ, ಬಸ್ಸು ಒಂದು ದಿನವೂ ತಪ್ಪು ಹಿಡಿಯಲಿಲ್ಲ. ಇನ್ನು ಮನುಷ್ಯರು ಹಿಡಿದರೆಷ್ಟು, ಬಿಟ್ಟರೆಷ್ಟು. ಬೇರೆ ಕಡೆಯಿಂದ ವರ್ಗವಾಗಿ ಬರುವ ಮೇಷ್ಟ್ರುಗಳು ಮೊದಲನೇ ವಾರ ನಮ್ಮನ್ನು ತಿದ್ದುತ್ತಾರೆ, ಎರಡನೇ ವಾರ ನಗುತ್ತಾರೆ, ತಿಂಗಳು ತುಂಬುವುದರೊಳಗೆ ತಾವೇ ‘ಆಜರಿ’ ಕರೆಯುತ್ತಾರೆ. ನಮ್ಮ ನೀರಿನ ಗುಣ ಅಂಥದ್ದು ಎನ್ನುತ್ತಾರೆ ತಿಳಿದವರು.

ಇದರಿಂದ ಪೇಚಾಟವಾಗುವುದು ಒಂದೇ ಕಡೆ, ಓದಾಟದ ತೋಟದಲ್ಲಿ. ತೋಟ ಇರುವುದು ಕೆರೆ ಏರಿಯ ಕೆಳಗೆ. ಸುತ್ತ ಕಳ್ಳಿ ಬೇಲಿ, ನಡುವೆ ಒಂದು ಹುಣಸೆಮರ, ಮರದ ಬುಡದಲ್ಲಿ ಕಲ್ಲು ಬೆಂಚು, ಅದರ ಪಕ್ಕ ತಗಡು ಹೊದಿಸಿದ ಪುಸ್ತಕದ ಬೀರು. ಜಾರುಬಂಡೆ, ಉಯ್ಯಾಲೆ ಅಂತ ಏನೂ ಇಲ್ಲ, ಬೇಕಾಗಿಯೂ ಇಲ್ಲ. ದೊಡ್ಡವರು ಬೆಂಚಿನ ಮೇಲೆ ಕೂತು ಗಟ್ಟಿಯಾಗಿ ಓದುತ್ತಾರೆ. ಓದಿದ್ದು ಹುಲ್ಲಿನ ಮೇಲೆ ಬರುತ್ತದೆ. ಮಕ್ಕಳು ಅದರ ಜೊತೆ ಆಡುತ್ತಾರೆ. ಓದು ನಿಂತರೆ ಬಂದದ್ದು ಹೋಗುತ್ತದೆ. ಬಾಯಿಪಾಠ ಒಪ್ಪಿಸಿದರೆ ಏನೂ ಬರುವುದಿಲ್ಲ, ಕಣ್ಣು ಅಕ್ಷರದ ಮೇಲೆಯೇ ಇರಬೇಕು. ಹಾಗಾಗಿ ಓದುವವರಿಗೆ ನೋಡುವ ಭಾಗ್ಯವಿಲ್ಲ. ಮಕ್ಕಳ ಗಲಾಟೆ ಕೇಳಿಯೇ ಏನು ಬಂತು, ಎಷ್ಟು ದೊಡ್ಡದು ಬಂತು ಎಂದು ಅಂದಾಜು ಮಾಡಿಕೊಳ್ಳಬೇಕು.

ತೋಟಕ್ಕೆ ಬೇಕಾದದ್ದು ಪುಸ್ತಕದಲ್ಲಿ ಅಚ್ಚಾದದ್ದಲ್ಲ, ಬಾಯಿಂದ ಬಂದದ್ದು. ಕೋಗಿಲೆಯ ಹಾಡು ಎಂದು ಇರುವ ಕಡೆ ನಾವು ಕೋಗಿಲೆಯ ಆಡು ಎಂದು ಓದುತ್ತೇವೆ. ಕೊರಳಲ್ಲಿ ಗಂಟೆ ಕಟ್ಟಿಕೊಂಡ ಆಡೊಂದು ಬಂದು ನಿಲ್ಲುತ್ತದೆ. ಕೋಗಿಲೆಗೆ ಆಡು ಸಾಕುವ ಅಭ್ಯಾಸವಿದೆ ಎಂದು ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಬರೆದದ್ದುಂಟು, ಮೇಷ್ಟ್ರು ಅದಕ್ಕೆ ಅಂಕ ಕೊಟ್ಟದ್ದೂ ಉಂಟು. ಗಾಳಿಪಟ ಹಾರಿತು ಎಂಬುದನ್ನು ಆರಿತು ಎಂದು ಓದುವುದರಿಂದ ನಮ್ಮ ಗಾಳಿಪಟಗಳೆಲ್ಲ ಹಗ್ಗದ ಮೇಲೆ ಒಗೆದ ಬಟ್ಟೆಯ ಹಾಗೆ ಸಾಲಾಗಿ ಒಣಗುತ್ತಿರುತ್ತವೆ. ಹುಲಿ ಎನ್ನಲು ಹೋದರೆ ಉಲಿ ಎಂದಾಗುತ್ತದೆ, ಉಲಿ ಅಂದರೆ ಬರೀ ದನಿ. ಪೊದೆಯೊಳಗಿಂದ ಒಂದು ಗುರುಗುಟ್ಟುವ ಸದ್ದು ಬರುತ್ತದೆ, ಅಷ್ಟೇ. ನಮಗೆ ಅದರಿಂದ ಅನುಕೂಲವೇ ಆಗಿತ್ತು. ಮೈಮೇಲೆ ಬೀಳದ ಹುಲಿ ಯಾವ ಊರಿಗಿದೆ?

ನಾನು ಕೆಲಸದಿಂದ ನಿವೃತ್ತನಾದ ಮೇಲೆ ವಾರಕ್ಕೆ ಐದು ಸಂಜೆ ತೋಟದಲ್ಲಿ ಓದುತ್ತಿದ್ದೆ. ಶುರು ಮಾಡುವಾಗ ‘ರೈಟ್’ ಎನ್ನುತ್ತಿದ್ದುದರಿಂದ ಮಕ್ಕಳ ಬಾಯಲ್ಲಿ ನಾನು ರೈಟ್ ತಾತ. ಮರಿಸಿದ್ದಪ್ಪ ಎಂಬ ಹೆಸರನ್ನು ನನ್ನ ಹೆಂಡತಿಯೂ ಮರೆತಂತಿದೆ. ಬೀರುವಿನ ಬೀಗದ ಕೈ ಇರುವುದು ಕೆಂಪಾಜಮ್ಮನ ಸೊಂಟದಲ್ಲಿ. ದಪ್ಪ ಹೆಂಗಸು, ದೊಡ್ಡ ಗಂಟಲು, ತೋಟ ತನ್ನ ತವರಿನವರು ಬಿಟ್ಟುಹೋದ ಆಸ್ತಿಯೇನೋ ಎಂಬಂತೆ ನಡೆದುಕೊಳ್ಳುವವಳು. ಆದರೆ ಮಕ್ಕಳ ಮೂಗು ಒರೆಸುವುದಕ್ಕೆ ತನ್ನ ಸೆರಗನ್ನೇ ಕೊಡುವವಳು. ಅವಳ ಮಗ ಸಂಸಾರ ಸಮೇತ ಕಡಲ ತೀರದ ಊರಿನಲ್ಲಿದ್ದ. ಸೊಸೆಗೆ ಎರಡನೇ ಬಾಣಂತನವೆಂದು, ಒಂಬತ್ತು ವರ್ಷದ ಮೊಮ್ಮಗಳನ್ನು ಒಂದು ವರ್ಷದ ಮಟ್ಟಿಗೆ ಅಜ್ಜಿಯ ಹತ್ತಿರ ತಂದುಬಿಟ್ಟ. ಹುಡುಗಿಯ ಹೆಸರು ಹರಿಣಾಕ್ಷಿ. ಊರಿಗೆ ಕಾಲಿಟ್ಟ ಗಳಿಗೆಯಿಂದ ಅರಿಣಾಕ್ಷಿ.

ಬಂದ ಮಾರನೇ ದಿನವೇ ಅವಳು ತೋಟಕ್ಕೆ ಬಂದಳು. ನಾನು ಸಮುದ್ರದ ಕಥೆ ಓದುತ್ತಿದ್ದೆ. ದೊಡ್ಡ ಅಕ್ಷರದ ಪುಸ್ತಕ, ಅದರಲ್ಲಿ ಸಾಲಿಗೊಂದು ಸಲ ಹಡಗು ಬರುತ್ತದೆ. ನಮ್ಮ ಮಕ್ಕಳಿಗೆ ಅದು ಪಂಚಪ್ರಾಣ. ಯಾಕೆಂದರೆ ನಾನು ‘ಅಡಗು’ ಎಂದು ಓದುತ್ತೇನೆ, ಓದಿದೊಡನೆ ಮಕ್ಕಳೆಲ್ಲ ಅಡಗಿಬಿಡುತ್ತಾರೆ. ಆಗ ಹುಡುಕಾಟದ ಆಟ. ಅವತ್ತೂ ಹಾಗೇ ಆಯಿತು. ತೋಟ ನಿಶ್ಶಬ್ದವಾಯಿತು. ಆಮೇಲೆ ನನ್ನ ಮೊಣಕಾಲ ಹತ್ತಿರ ಒಂದು ಸಣ್ಣ ದನಿ ಕೇಳಿತು.

“ಅಜ್ಜ, ಹಡಗು ಎಲ್ಲುಂಟು?”

ತಲೆ ಎತ್ತಿ ನೋಡಿದರೆ ಎರಡು ಜಡೆಯ ಹುಡುಗಿ, ಪುಸ್ತಕದಲ್ಲಿ ಬೆರಳಿಟ್ಟು ನಿಂತಿದ್ದಳು.

“ಅಡಗು ಅಂತ ಓದಿದ್ದೀನಲ್ಲವ್ವ. ಓಗು, ನೀನೂ ಅಡಗ್ಕೊ ಓಗು.”

“ಅಡಗು ಅಲ್ಲ ಅಜ್ಜ, ಹಡಗು. ಕೊಡಿ ಇಲ್ಲಿ.” ಪುಸ್ತಕ ಇಸಿದುಕೊಂಡು, ನಿಂತಲ್ಲೇ ಓದಿದಳು. “ದೂರದಲ್ಲಿ ಒಂದು ಹಡಗು ಕಾಣಿಸಿತು.”

ಹುಣಸೆಮರದ ಆಚೆ, ಹುಲ್ಲಿನ ಮೇಲೆ, ಒಂದು ಹಡಗು ಬಂದು ನಿಂತಿತು. ಮರಕ್ಕಿಂತ ಎತ್ತರ. ಬಿಳಿ ಹಾಯಿಗಳು, ಪಕ್ಕದಲ್ಲಿ ಇಳಿಬಿಟ್ಟ ಹಗ್ಗದ ಏಣಿ. ಕಳ್ಳಿ ಬೇಲಿಯ ತನಕ ಉಪ್ಪಿನ ವಾಸನೆ. ಅಡಗಿದ್ದ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಬಂದು ಬಾಯಿ ತೆರೆದು ನಿಂತವು, ಆಮೇಲೆ ಕೂಗಿಕೊಂಡು ಏಣಿ ಹತ್ತಿದವು. ನನಗೆ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಆರು ವರ್ಷದಿಂದ ಆ ಪುಸ್ತಕ ಓದುತ್ತಿದ್ದೆ, ಇಂಥದ್ದೊಂದು ಅದರೊಳಗೆ ಇದೆಯೆಂದು ನನಗೇ ಗೊತ್ತಿರಲಿಲ್ಲ. ಸಂತೋಷದ ಜೊತೆ ಒಂದು ಚೂರು ಹೊಟ್ಟೆಯುರಿಯೂ ಆಯಿತು.

ಅವತ್ತಿನಿಂದ ಮಕ್ಕಳಿಗೆ ಹಡಗು ಬಿಟ್ಟು ಬೇರೇನೂ ಬೇಡವಾಯಿತು. ಆಡು ಬಂದರೆ ಯಾರೂ ತಿರುಗಿ ನೋಡರು. ಹರಿಣಾಕ್ಷಿ ಸ್ಕೂಲಿನಿಂದ ಬಂದವಳೇ ಕಲ್ಲು ಬೆಂಚಿನ ಮೇಲೆ ಕೂರಬೇಕು, ದೀಪ ಹಚ್ಚುವ ಹೊತ್ತಿನವರೆಗೂ ಓದಬೇಕು. ಕೆಂಪಾಜಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊರಿನಲ್ಲಿ ಇಲ್ಲದ ಅಕ್ಷರ ತನ್ನ ಮೊಮ್ಮಗಳ ಬಾಯಲ್ಲಿದೆ ಅಂದರೆ ಸುಮ್ಮನೆಯೇ? ಅದನ್ನು ಕಾಯುವುದು ಹೇಗೆಂಬುದೇ ಅವಳ ಯೋಚನೆಯಾಯಿತು. ನಮ್ಮ ನೀರು ಕುಡಿದರೆ ಹಕಾರ ಹೋಗುತ್ತದೆಂದು ಪಕ್ಕದೂರಿನ ಬಾವಿಯಿಂದ ಕ್ಯಾನಿನಲ್ಲಿ ನೀರು ತರಿಸಿದಳು. ನಮ್ಮ ಮಕ್ಕಳ ಜೊತೆ ಮಾತಾಡಿದರೆ ಹೋಗುತ್ತದೆಂದು ಸ್ಕೂಲಿನಲ್ಲಿ ಬೇರೆ ಬೆಂಚಿನಲ್ಲಿ ಕೂರಿಸಲು ಹೇಳಿಬಂದಳು. ತಾನು ಸಹ ಮೊಮ್ಮಗಳ ಹತ್ತಿರ ಬರೀ ಕೈಸನ್ನೆಯಲ್ಲಿ ಮಾತಾಡತೊಡಗಿದಳು. ‘ಊಟಕ್ಕೆ ಬಾ’ ಎಂಬುದಕ್ಕೆ ಒಂದು ಸನ್ನೆ, ‘ಜಡೆ ಹಾಕ್ತೀನಿ ಕೂತ್ಕೊ’ ಎಂಬುದಕ್ಕೆ ಇನ್ನೊಂದು. ಊರೇ ಅವಳ ಜೊತೆ ನಿಂತಿತು. ನಾನೂ ನಿಂತೆ. ನೀರು ತರುವ ಸರದಿಯಲ್ಲಿ ಮಂಗಳವಾರ ನನ್ನದು. ಹುಡುಗಿಗೆ ದಿಂಬು ತಂದರು, ಛತ್ರಿ ಕಟ್ಟಿದರು, ಒಬ್ಬರಂತೂ ಬೀಸಣಿಗೆ ಬೀಸಿದರು. ರಾಣಿಯ ಹಾಗೆ ನೋಡಿಕೊಳ್ಳುತ್ತಿದ್ದೇವೆ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು.

ಎರಡು ತಿಂಗಳಾಗಿರಬೇಕು. ಒಂದು ಸಂಜೆ ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದೆ. ಹುಡುಗಿ ಒಂದು ಪುಟ ಮುಗಿಸಿ, ಮುಂದಿನ ಪುಟ ತಿರುಗಿಸುವ ಅಷ್ಟು ಹೊತ್ತಿನಲ್ಲಿ ಮೆಲ್ಲಗೆ ಕೇಳಿದಳು.

“ಅಜ್ಜ, ಅದಕ್ಕೆ ಕಿಟಕಿ ಉಂಟಾ?”

“ಯಾವುದಕ್ಕವ್ವ?”

“ಹಡಗಿಗೆ.”

ನನಗೆ ಅರ್ಥವಾಗಲು ಇನ್ನೊಂದು ಪುಟ ಹಿಡಿಯಿತು. ಮೊದಲ ದಿನ ಒಂದೇ ಒಂದು ಸಾಲು ಓದಿದಾಗಲೂ ಅವಳು ಕಣ್ಣೆತ್ತಿರಲಿಲ್ಲ. ಮಕ್ಕಳು ಕಿರುಚಿದ್ದು ಕೇಳಿ ಮುಂದೆ ಮುಂದೆ ಓದಿದ್ದಳು. ಊರಿನ ಅಷ್ಟೂ ಮಕ್ಕಳು ಹತ್ತಿ ಇಳಿದ ಹಡಗನ್ನು ಈ ಹುಡುಗಿ ಕಣ್ಣಿನಿಂದ ನೋಡಿಯೇ ಇರಲಿಲ್ಲ. ಕತ್ತೆತ್ತಿದರೆ ಅದು ಇರುತ್ತಿರಲಿಲ್ಲ.

“ಉಂಟು,” ಎಂದೆ, ಅವಳ ಮಾತಿನಲ್ಲೇ. “ದುಂಡಗಿನ ಕಿಟಕಿ.”

“ನಮ್ಮ ಊರಲ್ಲಿ ಮನೆ ಹಿಂದೆಯೇ ಕಡಲು. ಹಡಗು ದೂರ ಹೋಗುವುದು ಕಾಣ್ತದೆ. ಒಂದು ಸಲವೂ ಹತ್ಲಿಕ್ಕೆ ಆಗಲಿಲ್ಲ,” ಎಂದಳು. ಅಷ್ಟರಲ್ಲಿ ಹಡಗು ಮಸುಕಾಯಿತೆಂದು ಮಕ್ಕಳು ಕೂಗಿದರು. ನನ್ನ ಕಡೆ ತಿರುಗಿದ್ದವಳು ತಟ್ಟನೆ ತಲೆ ತಗ್ಗಿಸಿ ಓದತೊಡಗಿದಳು. ಬೆರಳು ಸಾಲಿನ ಕೆಳಗೆ ಹೋಗುತ್ತಲೇ ಇತ್ತು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಅರವತ್ತು ದಾಟಿದ ನಾವು ಒಂದು ಮಗುವನ್ನು ಕೆಲಸಕ್ಕೆ ಹಚ್ಚಿ, ಮೇಲೆ ಛತ್ರಿ ಬೇರೆ ಕಟ್ಟಿದ್ದೆವು.

ಅವಳು ಒಂದು ಸಲವಾದರೂ ಆ ಹಡಗು ಹತ್ತಬೇಕು, ಅದಕ್ಕೆ ನಾನು ಹಕಾರ ಕಲಿಯಬೇಕು. ಬೇರೆ ದಾರಿಯಿರಲಿಲ್ಲ. ಮನೆಯಲ್ಲಿ ಕನ್ನಡಿಗೆ ಬಾಯಿಟ್ಟು ಊದಿದೆ. ಬಿಸಿ ಮುದ್ದೆ ಬಾಯಿಗಿಟ್ಟುಕೊಂಡು ನೋಡಿದೆ. ಹಸಿಮೆಣಸಿನಕಾಯಿ ಕಚ್ಚಿದೆ, ಹಾ ಹಾ ಎಂದು ಬಾಯಿ ಬಡಿದುಕೊಳ್ಳುವಾಗ ಚೆನ್ನಾಗಿಯೇ ಬರುತ್ತಿತ್ತು, ಪುಸ್ತಕ ತೆಗೆದರೆ ಕಣ್ಣೀರಿನಲ್ಲಿ ಅಕ್ಷರವೇ ಕಾಣದು. ಕೆಂಪಾಜಮ್ಮನಿಗೆ ಸುದ್ದಿ ಮುಟ್ಟಿತು.

“ಬಾಯಲ್ಲಿ ಅಲ್ಲೇ ಇಲ್ಲ, ಅಕಾರ ಕಲೀತಾನಂತೆ,” ಎಂದು ನಕ್ಕಳು. “ಸುಮ್ಕಿರು ಕಂಡಕ್ಟ್ರಣ್ಣ. ಇರೋದು ಒಂದು ಮಗೀನ ಬಾಯಲ್ಲಿ. ಅದನ್ನ ಎಂಗೋ ಕಾಪಾಡ್ಕೊಂಡು ಓಗಾನ.”

“ಮಗೀನ ಬಾಯಿ ಕಾಪಾಡ್ತಾ ಇದ್ದೀಯೆ, ಮಗೀನ ಯಾರು ನೋಡ್ತಾವ್ರೆ? ಅದು ಅಡಗು ಅತ್ತಬೇಕಂತೆ.”

“ಅತ್ತುದ್ರೆ ಮಿಕ್ಕವ್ರ ಜತೆ ಮಾತಾಡ್ತದೆ. ಮಾತಾಡುದ್ರೆ ಓಯ್ತದೆ. ಆಮೇಲೆ ಅಡಗೂ ಇಲ್ಲ, ಏನೂ ಇಲ್ಲ. ಇದೆಲ್ಲ ಬ್ಯಾಡ,” ಎಂದು ಬೀಗದ ಕೈ ಝಣಕ್ಕೆನ್ನಿಸಿಕೊಂಡು ಹೋದಳು. ಅವಳ ಮಾತು ಸುಳ್ಳಾಗಿರಲಿಲ್ಲ. ಅದೇ ಸಂಕಟ.

ದಾರಿ ಸಿಕ್ಕಿದ್ದು ಒಂದು ಮಂಗಳವಾರ, ನೀರು ತುಂಬಿಸಿಕೊಂಡು ವಾಪಸು ಬರುವಾಗ. ಬಸ್ಸಿನ ಡ್ರೈವರ್ ಹೊಸಬ. ನಾನು ಎಷ್ಟು ‘ಓಲ್ಡಾನ್’ ಎಂದರೂ ನಿಲ್ಲಿಸದೆ ಊರು ದಾಟಿಸಿ ಕೆರೆಕೋಡಿಯ ಹತ್ತಿರ ಇಳಿಸಿದ. ಅಲ್ಲಿಂದ ಕ್ಯಾನು ಹೊತ್ತು ಓಡಿದೆ. ತೋಟದಲ್ಲಿ ಮಕ್ಕಳು ಕಾಯುತ್ತಿದ್ದವು, ಹರಿಣಾಕ್ಷಿ ಇನ್ನೂ ಸ್ಕೂಲಿನಿಂದ ಬಂದಿರಲಿಲ್ಲ. ಅವಳು ಬರುವವರೆಗೆ ಇರಲಿ ಎಂದು ಕೈಗೆ ಸಿಕ್ಕಿದ ಕಾಡಿನ ಕಥೆ ತೆಗೆದು, ಏದುಸಿರು ಬಿಡುತ್ತಲೇ ‘ರೈಟ್’ ಎಂದು ಶುರು ಮಾಡಿದೆ. ಎರಡನೇ ಸಾಲಿಗೇ ಮಕ್ಕಳ ಸದ್ದಡಗಿತು. ಒಬ್ಬಳು ನನ್ನ ತೋಳು ಹಿಡಿದು ಪಿಸುಗುಟ್ಟಿದಳು.

“ತಾತ, ಉಲಿ. ನಿಜವಾದ್ದು.”

ಕಣ್ಣೆತ್ತಿದೆ. ಬೇಲಿಯ ಹತ್ತಿರ ಹಳದಿ ಮುಖವೊಂದು, ಅಷ್ಟುದ್ದ ಮೀಸೆ ಸಮೇತ, ಮಾಸಿಹೋಗುತ್ತಿತ್ತು. ನಾನು ಪುಸ್ತಕವನ್ನು ಪಟ್ಟೆಂದು ಮುಚ್ಚಿ ಅದರ ಮೇಲೆ ಕೂತುಬಿಟ್ಟೆ. ಹೆದರಿಕೆಯೆಲ್ಲ ಇಳಿದ ಮೇಲೆ ತಿಳಿಯಿತು: ಓಡಿ ಬಂದು ಓದಿದ್ದೆ. ಉಸಿರು ತಾನೇ ಹಕಾರವಾಗಿ ಬಂದಿತ್ತು. ನಾಲಗೆಯಲ್ಲಿ ಇಲ್ಲದ್ದು ಎದೆಯಲ್ಲಿತ್ತು.

ಮಾರನೇ ಸಂಜೆ ತೋಟ ತುಂಬಿತ್ತು. ಹರಿಣಾಕ್ಷಿ ಬೆಂಚಿನ ಮೇಲೆ ಕೂತು ಪುಸ್ತಕ ತೆಗೆಯುವಷ್ಟರಲ್ಲಿ ನಾನು ಅದನ್ನು ಅವಳ ಕೈಯಿಂದ ತೆಗೆದುಕೊಂಡೆ.

“ಇವತ್ತು ನೀನು ಓದಬ್ಯಾಡ. ಆಡು ಓಗು,” ಎಂದೆ.

“ಮತ್ತೆ ಹಡಗು?” ಎಂದಳು ಗಾಬರಿಯಿಂದ.

“ಅದು ನನ್ನ ಜವಾಬ್ದಾರಿ.”

ಪಂಚೆ ಎತ್ತಿ ಕಟ್ಟಿದೆ. ಹುಣಸೆಮರದಿಂದ ಬೇಲಿ, ಬೇಲಿಯಿಂದ ಮರ, ನಾಲ್ಕು ಸುತ್ತು ಓಡಿದೆ. ದೊಡ್ಡವರೆಲ್ಲ ನಗತೊಡಗಿದರು. “ಏನಾಯ್ತು ಕಂಡಕ್ಟ್ರಣ್ಣಂಗೆ, ಜೇನು ಅಟ್ಟುಸ್ಕೊಂಡು ಬಂತಾ?” ಎಂದು ಕೆಂಪಾಜಮ್ಮ ಕೂಗಿದಳು. ನಾನು ಬೆಂಚಿಗೆ ಕುಸಿದು, ಪುಸ್ತಕ ತೊಡೆಯ ಮೇಲಿಟ್ಟು, ಎದೆ ಒಡೆಯುವ ಹಾಗೆ ಉಸಿರು ಬಿಡುತ್ತ ಓದಿದೆ. “ದೂರದಲ್ಲಿ ಹೊಂದು ಹಡಗು ಕಾಣಿಸಿತು.” ‘ಒಂದು’ವಿಗೂ ಹಕಾರ ಸೇರಿಹೋಯಿತು, ಸೇರಲಿ ಬಿಡಿ. ನಗು ನಿಂತಿತು. ಉಪ್ಪಿನ ವಾಸನೆ ಬಂತು. ಆಮೇಲೆ ಕೇಳಿಸಿದ್ದು ಹರಿಣಾಕ್ಷಿ ಉಸಿರೆಳೆದುಕೊಂಡದ್ದು. ಎರಡು ತಿಂಗಳು ತಾನೇ ಓದಿ ತರಿಸಿದ್ದನ್ನು ಮೊದಲ ಸಲ ನೋಡುತ್ತಿದ್ದಳು.

“ಅತ್ತು, ಅತ್ತು!” ಎಂದು ಮಕ್ಕಳು ಅವಳನ್ನು ಏಣಿಯ ಕಡೆ ಎಳೆದುಕೊಂಡು ಹೋದದ್ದು ಕೇಳಿಸಿತು. ಬೇರೆ ಊರಿನವರು ಕೇಳಿದ್ದರೆ ಆ ಮಗು ಅತ್ತಿತೆಂದು ಸಾರುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು.

ನಾನು ಲೆಕ್ಕ ಹಾಕದಿದ್ದದ್ದು ಒಂದೇ. ಕೂತು ಓದಿದರೆ ಉಸಿರು ಹದಕ್ಕೆ ಬರುತ್ತದೆ. ಮೊದಲ ಪುಟದಲ್ಲಿ ಹಡಗು ಗಟ್ಟಿಯಾಗಿತ್ತು. ಎರಡನೇ ಪುಟದ ಕೊನೆಗೆ ಹಕಾರ ಸವೆಯತೊಡಗಿತು. ಎಷ್ಟು ದಬ್ಬಿದರೂ ಎದೆ ಸುಮ್ಮನಾಗುತ್ತಿತ್ತು. ಅರವತ್ತಾರು ವರ್ಷದಲ್ಲಿ ಮೊದಲ ಸಲ ನನಗೆ ದಣಿವಾರುವುದು ಬೇಡವಾಗಿತ್ತು.

“ಮಾಸೋಯ್ತಾ ಅದೆ!” ಎಂದು ಯಾರೋ ಕೂಗಿದರು. “ಮಗು ಏಣಿ ಮೇಲೆ ಅದೆ, ಕಾಲ ಕೆಳಗೆ ಮಾಸೋಯ್ತಾ ಅದೆ!”

“ಅಜ್ಜೀ!” ಎಂದು ಹರಿಣಾಕ್ಷಿ ಮೇಲಿನಿಂದ ಕಿರುಚಿದಳು.

ಕಣ್ಣು ಎತ್ತಲಾರೆ, ಉಸಿರು ತರಲಾರೆ. ಆಗ ನನ್ನ ಪಕ್ಕದಲ್ಲಿ ದಡದಡ ಸದ್ದಾಯಿತು. ನೆಲ ನಡುಗಿತು. ಒಂದು ಸಲ ದೂರ ಹೋಯಿತು, ಒಂದು ಸಲ ಹತ್ತಿರ ಬಂತು, ಜೊತೆಗೆ ಬೀಗದ ಕೈ ಗೊಂಚಲಿನ ಝಣಝಣ. ಮೂರು ಸುತ್ತು ಆದ ಮೇಲೆ ಬೆವರಿದ ಕೈಯೊಂದು ಪುಸ್ತಕದ ಅಂಚು ಹಿಡಿಯಿತು. ಕೆಂಪಾಜಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡಿದ್ದಳು, ಮುಡಿ ಬಿಚ್ಚಿಹೋಗಿತ್ತು. ನಾನು ಬೆರಳಿಟ್ಟ ಸಾಲಿನ ಮೇಲೆ ತನ್ನ ಬೆರಳಿಟ್ಟು, ನನ್ನನ್ನು ಭುಜದಿಂದ ಆಚೆ ತಳ್ಳಿ, ಗಾಳಿ ಬಿರುಗಾಳಿಯಾದ ಹಾಗೆ “ಹಡಗು” ಎಂದಳು.

ನಾನು ಎದ್ದು ನೋಡಿದೆ. ಮಾಸುತ್ತಿದ್ದ ಏಣಿ ಹುಡುಗಿಯ ಕಾಲ ಕೆಳಗೆ ಮತ್ತೆ ಹಗ್ಗವಾಯಿತು. ಅವಳು ಹತ್ತಿದಳು. ಮೇಲಿದ್ದ ಮಕ್ಕಳು ಕೈ ಹಿಡಿದು ಎಳೆದುಕೊಂಡವು. ಹಾಯಿಯ ಕೆಳಗೆ ನಿಂತು ಸುತ್ತಲೂ ನೋಡಿದಳು, ಕಂಬ ತಬ್ಬಿಕೊಂಡಳು, ಕಿಟಕಿಯೊಳಗೆ ತಲೆ ತೂರಿಸಿದಳು, ಮತ್ತೆ ಮೇಲೆ ಬಂದು ಎಲ್ಲರೊಡನೆ ಅತ್ತಿಂದಿತ್ತ ಓಡಿದಳು. ಅವಳು ಓಡಬಲ್ಲಳೆಂದೇ ನಾನು ಕಂಡಿರಲಿಲ್ಲ.

ನಮ್ಮ ದೊಡ್ಡವರಿಗೆ ಆಗ ಬುದ್ಧಿ ಬಂತು. ಹೇಳಿಸಿಕೊಳ್ಳದೆಯೇ ಎದ್ದರು. ಪಂಚೆ ಕಟ್ಟಿದವರು, ಚಪ್ಪಲಿ ಬಿಟ್ಟವರು, ಮಂಡಿನೋವಿನವರು, ಎಲ್ಲ ಹುಣಸೆಮರ ಸುತ್ತತೊಡಗಿದರು. ಯಾರಿಗೆ ಏದುಸಿರು ಜೋರಾಯಿತೋ ಅವರು ಬೆಂಚಿನ ಹತ್ತಿರ ಬಂದು ನಿಲ್ಲುವುದು, ಓದುತ್ತಿದ್ದವರ ಉಸಿರು ಇಳಿದರೆ ಪುಸ್ತಕ ತೆಗೆದುಕೊಳ್ಳುವುದು. “ಓದಾಟದ ತೋಟ ಓಡಾಟದ ತೋಟ ಆಯ್ತಲ್ರಪ್ಪೋ,” ಎಂದು ಯಾರೋ ಅಂದರು. ನಗಲು ಯಾರಲ್ಲೂ ಉಸಿರಿರಲಿಲ್ಲ.

ಹೀಗೆ ಕೆಂಪಾಜಮ್ಮನ ಎರಡನೇ ಸರದಿ ಬಂತು. ಅವಳು ಓದಬೇಕಾದ ಪುಟದಲ್ಲಿ ಹಡಗಿನ ಸರಕು ವರ್ಣಿಸಿದೆ. ಅಲ್ಲಿ ಅಚ್ಚಾಗಿರುವುದು, ಹಡಗಿನ ತುಂಬ ಅಕ್ಕಿ ಮೂಟೆಗಳಿದ್ದವು ಎಂದು. ಕೆಂಪಾಜಮ್ಮನ ಎದೆ ಆ ಹೊತ್ತಿನಲ್ಲಿ ಯಾವ ಅಕ್ಷರವನ್ನೂ ಸುಮ್ಮನೆ ಬಿಡುವ ಸ್ಥಿತಿಯಲ್ಲಿರಲಿಲ್ಲ. “ಹಡಗಿನ ತುಂಬ ಹಕ್ಕಿ ಮೂಟೆಗಳಿದ್ದವು,” ಎಂದು ಓದಿದಳು.

ಹಡಗಿನ ಮೇಲೆ ಗೋಣಿಚೀಲಗಳು ಸಾಲಾಗಿ ಬಂದು ಕೂತವು. ಮೊದಲನೆಯದು ಅಲುಗಿತು. ಹರಿಣಾಕ್ಷಿ ಅದರ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಕಟ್ಟಿದ ಹುರಿ ಬಿಚ್ಚಿದಳು. ಬಾಯಿ ತೆರೆದ ಚೀಲದಿಂದ ಭರ್ರೆಂದು ಹಕ್ಕಿಗಳು ಎದ್ದವು. ಹಸಿರು, ಕಪ್ಪು, ಬಿಳಿ, ನನಗೆ ಹೆಸರು ಗೊತ್ತಿಲ್ಲದವು, ಎಣಿಸಲಾಗದಷ್ಟು. ಮಕ್ಕಳು ಚೀಲದಿಂದ ಚೀಲಕ್ಕೆ ಹಾರಿ ಬಿಚ್ಚಿದವು. ಹಾಯಿಗಳ ನಡುವೆ ಆಕಾಶವೇ ಕಾಣದಾಯಿತು. ಹರಿಣಾಕ್ಷಿ ಹಡಗಿನ ಅಂಚಿಗೆ ಓಡಿಬಂದು, ಎರಡು ಕೈಯನ್ನೂ ಬಾಯಿಗೆ ಹಿಡಿದು, ನನ್ನ ಕಡೆ ನೋಡಿ, ಗಂಟಲು ಹರಿಯುವ ಹಾಗೆ ಕೂಗಿದಳು.

“ತಾತಾ! ಮೂಟೇಲಿರೋದು ಅಕ್ಕಿ ಅಲ್ಲ ಕಣ್ ತಾತಾ, ಅಕ್ಕಿ!”

ತೋಟದಲ್ಲಿದ್ದ ಒಬ್ಬರಿಗೂ ಅರ್ಥವಾಗದೆ ಉಳಿಯಲಿಲ್ಲ. ಮಕ್ಕಳು “ಅಕ್ಕಿ, ಅಕ್ಕಿ!” ಎಂದು ಅವಳ ಜೊತೆ ಕುಣಿದವು.

ಕೆಂಪಾಜಮ್ಮನಿಗೂ ಕೇಳಿಸಿತು. ಕ್ಯಾನಿನ ನೀರು, ಕೈಸನ್ನೆ, ಬೇರೆ ಬೆಂಚು, ಎರಡು ತಿಂಗಳು ಕಾದದ್ದೆಲ್ಲ ಆ ಒಂದು ಕೂಗಿನಲ್ಲಿ ಹೋಗಿತ್ತು. ಅವಳ ದನಿ ಎಡವಿತು. ಒಂದು ಹನಿ ಪುಸ್ತಕದ ಮೇಲೆ ಬಿತ್ತು, ಅದು ಬೆವರೋ ಕಣ್ಣೀರೋ ನಾನು ಕೇಳಲಿಲ್ಲ. ಆದರೆ ಅವಳು ತಲೆ ಎತ್ತಲಿಲ್ಲ. ಸಾಲು ಬಿಡದೆ ಓದುತ್ತ, ಉಸಿರು ಇಳಿಯುತ್ತಿದೆ ಎಂದು ಎಡಗೈಯಿಂದ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ನಾನು ಓಡಿದೆ.